ಸುತ್ತೋಲೆ ಪುಸ್ತಕದ ಬಲಗಡೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಳಲೆಯಲ್ಲಿ ಕಬ್ಬು ಕಡಿದೆ, ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದೆ, ಆಮೇಲೆ ನರಸೀಪುರದ ಒಂದು ಡಿಗ್ರಿ ಕಾಲೇಜಿಗೆ ದಿನಗೂಲಿಯಾಗಿ ಸೇರಿ, ಕಾಯಂ ಆಗಿ, ಈಗ ಅಟೆಂಡರ್. ಎಂ.ಎ., ಪಿಎಚ್.ಡಿ. ಮಾಡಿದವರ ನಡುವೆ ಓಡಾಡಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಈ ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಕಾಗದ ಕಳೆದಿಲ್ಲ, ಒಂದು ಬೀಗ ಮರೆತಿಲ್ಲ. ಯಾರೂ ನನ್ನನ್ನು ಕರೆದು ‘ಇದೇನಯ್ಯ ಹೀಗೆ ಮಾಡಿದೆ’ ಎಂದು ಕೇಳಿರಲಿಲ್ಲ. ಈ ಸೆಮಿಸ್ಟರಿನವರೆಗೆ.

ಸೆಮಿಸ್ಟರ್ ಶುರುವಾಗುವ ವಾರವೇ ವಿಶ್ವವಿದ್ಯಾನಿಲಯದಿಂದ ಒಂದು ದಪ್ಪ ಲಕೋಟೆ ಬರುತ್ತದೆ. ಉಪನ್ಯಾಸಕರು ಏನೇನು ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಪಾಠಯೋಜನೆ ಯಾವಾಗ ಕೊಡಬೇಕು, ಕೆಲಸದ ಡೈರಿಗೆ ಯಾರ ಸಹಿ ಬೇಕು, ಹಾಜರಾತಿ ಕಡಿಮೆ ಇರುವವರ ಪಟ್ಟಿಯನ್ನು ಎಂದು ಬೋರ್ಡಿಗೆ ಹಾಕಬೇಕು, ಟೆಸ್ಟು ಯಾವ ವಾರ, ಟೆಸ್ಟಿನ ಅಂಕಗಳನ್ನು ಪೋರ್ಟಲಿಗೆ ಏರಿಸಲು ಕಡೇ ದಿನ ಯಾವುದು. ಅಲ್ಲಿಂದ ಮುಂದೆ ಪರೀಕ್ಷೆಯವರೆಗೂ ಅದಕ್ಕೊಂದು ತಿದ್ದುಪಡಿ, ತಿದ್ದುಪಡಿಗೊಂದು ಸ್ಪಷ್ಟನೆ, ಸ್ಪಷ್ಟನೆಗೊಂದು ಜ್ಞಾಪನ ಬರುತ್ತಲೇ ಇರುತ್ತವೆ. ಅವನ್ನು ಉಪನ್ಯಾಸಕರಿಗೆ ಮುಟ್ಟಿಸುವುದು ನನ್ನ ಕೆಲಸ.

ಅದಕ್ಕೊಂದು ಸುತ್ತೋಲೆ ಪುಸ್ತಕವಿದೆ. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ. ಎಡಗಡೆ ಪುಟಕ್ಕೆ ಬಂದ ಸುತ್ತೋಲೆ ಅಂಟಿಸುವುದು. ಬಲಗಡೆ ಪುಟದಲ್ಲಿ ಉಪನ್ಯಾಸಕರ ಹೆಸರುಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ಸಹಿ ಮತ್ತು ತಾರೀಖಿಗೆ ಜಾಗ. ಸಹಿ ಹಾಕಿದರೆ ಓದಿ ತಿಳಿದುಕೊಂಡಿದ್ದೇನೆ ಎಂದು ಅರ್ಥ. ಸಂಜೆಯೊಳಗೆ ಎಲ್ಲ ಸಹಿಯೂ ಬಿದ್ದಿರಬೇಕು. ಆಮೇಲೆ ಕಚೇರಿಯ ಮ್ಯಾನೇಜರ್ ‘ಎಲ್ಲರ ಗಮನಕ್ಕೂ ತರಲಾಗಿದೆ’ ಎಂದು ಒಂದು ಸಾಲಿನ ವರದಿ ಟೈಪು ಮಾಡಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಅವತ್ತೇ ಮೇಲಕ್ಕೆ ಕಳಿಸುತ್ತಾರೆ. ನಮ್ಮ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಉಳಿದದ್ದಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತು, ಕ್ಯಾಂಟೀನಿಗೆ ಹೋಗಿ, ಬಸ್‌ಸ್ಟ್ಯಾಂಡಿಗೆ ಓಡಿ ಹಾಕಿಸಿದ್ದೇನೆ. ‘ಸಾವು ಬಂದರೂ ನೀನು ಪುಸ್ತಕ ಹಿಡ್ಕೊಂಡು ಮುಂದೆ ನಿಂತಿರ್ತೀಯ ಕಣಯ್ಯ’ ಎಂದು ಹಳೇ ಪ್ರಿನ್ಸಿಪಾಲರೊಬ್ಬರು ನಗುತ್ತಿದ್ದರು.

ನನ್ನನ್ನು ಸೋಲಿಸಿದ್ದು ಒಬ್ಬ ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರದವರು. ಅತಿಥಿ ಎನ್ನುವುದು ಹೆಸರಿಗೆ. ಸೆಮಿಸ್ಟರಿಗೆ ಕರೆದರೆ ಬರಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ಒಂದೇ ಕಾಲೇಜಿನಲ್ಲಿ ಪೂರ್ತಿ ಪಾಠದ ಗಂಟೆ ಸಿಗದೆ, ಅವರಿಗೆ ಸೋಮವಾರದಿಂದ ಬುಧವಾರ ನರಸೀಪುರ, ಗುರುವಾರದಿಂದ ಶನಿವಾರ ನಂಜನಗೂಡಿನ ಒಂದು ಸ್ವಾಯತ್ತ ಕಾಲೇಜು, ಅಲ್ಲಿನ ಟೆಸ್ಟು ತಾರೀಖುಗಳೇ ಬೇರೆ. ಮನೆ ನಂಜನಗೂಡಿನಲ್ಲಿ. ನಾನು ಕಳಲೆಯಿಂದ ಮೊಪೆಡ್ಡಿನಲ್ಲಿ ಬಂದು ನಂಜನಗೂಡಿನಲ್ಲಿ ಬಸ್ಸು ಹತ್ತುತ್ತಿದ್ದೆ. ಅವರೂ ಅದೇ ಬಸ್ಸಿಗೆ. ಸುತ್ತೂರು ಬರುವಷ್ಟರಲ್ಲಿ ನಾಲ್ಕಾರು ಉತ್ತರಪತ್ರಿಕೆ ತಿದ್ದಿ ಮುಗಿಸುತ್ತಿದ್ದರು. ಕಂಡಕ್ಟರ್ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಡುತ್ತಾ, ‘ನಿಮ್ಗೂ ಸೊನ್ನೆ, ಮಕ್ಳಿಗೂ ಸೊನ್ನೆ ಆಕ್ಬುಟ್ಟೀರಿ ಮೇಡಂ, ವಸಿ ನೋಡ್ಕಂಡು ಆಕಿ’ ಎಂದು ರೇಗಿಸುತ್ತಿದ್ದ.

ಗುರುವಾರ ಸುತ್ತೋಲೆ ಬಂದರೆ ಅವರ ಸಾಲು ಖಾಲಿ. ಸೋಮವಾರದವರೆಗೂ ಖಾಲಿ. ಮ್ಯಾನೇಜರ್ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದರು.

“ಏನಯ್ಯ ಇದು, ಹಲ್ಲು ಉದುರಿದ ಬಾಯಿ ಥರ? ನಾನು ವರದಿ ಕಳಿಸೋದು ಹೆಂಗೆ?”

“ಮೇಡಂ ಇವತ್ತು ನಂಜನಗೂಡಲ್ಲವ್ರೆ ಸಾ.”

“ಅದು ನಂಗ್ಯಾಕೆ? ಸಂಜೆಗೆ ಸೈನ್ ಇರ್ಬೇಕು ಅಷ್ಟೆ.”

ವಾಟ್ಸಾಪ್ ಗುಂಪಿನಲ್ಲಿ ಕಾಯಂ ಉಪನ್ಯಾಸಕರು ಮಾತ್ರ ಇದ್ದರು. ಅತಿಥಿಗಳು ಪ್ರತಿ ಸೆಮಿಸ್ಟರಿಗೂ ಬದಲಾಗುವವರು, ಸೇರಿಸಿ ತೆಗೆದು ಯಾರು ಮಾಡ್ತಾರೆ ಎಂದು ಬಿಟ್ಟಿದ್ದರು. ಹಾಗಾಗಿ ಉಪಾಯವನ್ನು ನಾನೇ ಕಂಡುಹಿಡಿದೆ. ಸೆಮಿಸ್ಟರಿನ ಮೂರನೇ ವಾರದಲ್ಲಿ ಪುಸ್ತಕದ ಮುಂದಿನ ಇಪ್ಪತ್ತು ಬಲಪುಟಗಳಿಗೆ ಹೆಸರುಪಟ್ಟಿ ಬರೆಸಿ, ಅಷ್ಟೂ ಪುಟಗಳಿಗೆ ಮೇಡಂ ಸಹಿ ಹಾಕಿಸಿಟ್ಟುಕೊಂಡೆ. ಎಡಗಡೆ ಇನ್ನೂ ಖಾಲಿ. ಸುತ್ತೋಲೆ ಬಂದ ದಿನ ಅಂಟಿಸಿ, ಅವರ ಸಹಿಯ ಪಕ್ಕ ತಾರೀಖನ್ನು ನಾನೇ ಬರೆದು, ಆಮೇಲೆ ಬಸ್ಸಿನಲ್ಲೋ ಫೋನಿನಲ್ಲೋ ವಿಷಯ ಹೇಳುವುದು.

ಅವರು ಪೆನ್ನು ತೆಗೆದು ಖಾಲಿ ಎಡಪುಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ್ದು ನನಗೆ ನೆನಪಿದೆ.

“ಅಣ್ಣ, ಏನು ಬರುತ್ತೆ ಅಂತಾನೇ ಗೊತ್ತಿಲ್ದೆ ಸೈನ್ ಹಾಕೋದಾ?”

“ನಾನಿಲ್ವಾ ಮೇಡಂ? ಬಂದಿದ್ದನ್ನ ಏಳ್ದೆ ಬುಟ್ಟೇನಾ?”

“ನೀವು ಇದ್ದೀರಿ ಅಂತ ಹಾಕ್ತಾ ಇದ್ದೀನಿ ನೋಡಿ,” ಎಂದು ಇಪ್ಪತ್ತು ಸಹಿಯನ್ನೂ ಒಂದೇ ಸಮನೆ ಹಾಕಿದರು. ಕಡೆಯ ಮೂರು ನಾಲ್ಕು ಸಹಿ ಸ್ವಲ್ಪ ಓರೆಯಾಗಿದ್ದವು. ಆಗ ಸಂತೋಷಪಟ್ಟೆ. ಆ ಮಾತನ್ನು ಮನೆಯಲ್ಲೂ ಹೇಳಿಕೊಂಡೆ.

ಎರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಸುತ್ತೋಲೆ ಬಂತು, ಅಂಟಿಸಿದೆ, ತಾರೀಖು ಬರೆದೆ, ಹೇಳಿದೆ. ಎರಡನೇ ಟೆಸ್ಟಿನ ಅಂಕಗಳನ್ನು ತಿಂಗಳ ಇಪ್ಪತ್ತೆಂಟರೊಳಗೆ ಏರಿಸಬೇಕು ಎಂದು ಒಂದು ಕಾಗದ ಬಂತು, ಅದನ್ನೂ ಹೇಳಿದೆ. ಅವರು ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು.

ಎಂಟು ಹತ್ತು ದಿನ ಕಳೆದ ಮೇಲೆ ಒಂದು ಗುರುವಾರ ಇನ್ನೊಂದು ಸುತ್ತೋಲೆ ಬಂತು. ಅವತ್ತು ಪರೀಕ್ಷೆಗೆಂದು ಮೇಲಿನ ಮಹಡಿಗೆ ಬೆಂಚು ಸಾಗಿಸುತ್ತಿದ್ದೆವು. ಅಂಗಿಯೆಲ್ಲ ಬೆವರು. ಕಾಗದದ ಮೇಲ್ಗಡೆ ವಿಷಯ ಎಂಬ ಸಾಲು ಓದಿದೆ: ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಪೋರ್ಟಲಿಗೆ ಸಲ್ಲಿಸುವ ಕುರಿತು. ಹೋದ ಸಲದ್ದೂ ಅಕ್ಷರ ಬಿಡದೆ ಅದೇ ಸಾಲು. ಇದು ಬರೀ ಜ್ಞಾಪನ ಎಂದುಕೊಂಡೆ. ಎರಡು ಪುಟವಿತ್ತು. ನಾನು ಓದುವುದು ನಿಧಾನ, ಬೆರಳಿಟ್ಟು ಓದಬೇಕು. ಆದರೆ ಅವತ್ತು ಓದದೆ ಬಿಟ್ಟದ್ದು ಅದಕ್ಕಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಕಾಗದ ನೋಡಿಲ್ಲ, ಮೇಲಿನ ಸಾಲು ನೋಡಿದರೆ ಒಳಗೇನಿದೆ ಎಂದು ಹೇಳಬಲ್ಲೆ ಎಂಬ ಧಿಮಾಕು. ಐವತ್ತಮೂರನೇ ಎಡಪುಟಕ್ಕೆ ಅಂಟು ಹಚ್ಚಿ ಒತ್ತಿದೆ. ಮೇಡಂ ಸಹಿಯ ಪಕ್ಕ ತಾರೀಖು ಬರೆದೆ. ಹೇಳಿದ್ದನ್ನೇ ಮತ್ತೆ ಏನು ಹೇಳುವುದು ಎಂದು ಅವರಿಗೆ ಫೋನು ಮಾಡಲಿಲ್ಲ.

ಎರಡನೇ ಪುಟದ ಕೆಳಗಡೆ, ಕಡೇ ದಿನವನ್ನು ಇಪ್ಪತ್ತೆಂಟರಿಂದ ಇಪ್ಪತ್ತೊಂದಕ್ಕೆ ಹಿಂದಕ್ಕೆ ತರಲಾಗಿದೆ, ಆನಂತರ ಪೋರ್ಟಲ್ ತೆರೆದಿರುವುದಿಲ್ಲ ಎಂದಿತ್ತು.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಬಸ್ಸಿನಲ್ಲಿ ಅವರು ತೊಡೆಯ ಮೇಲೆ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತಿದ್ದರು. “ಇನ್ನೊಂದು ಹತ್ತು ಇದೆ ಅಣ್ಣ, ನಾಳೆ ನಾಡಿದ್ದರಲ್ಲಿ ಏರಿಸಿಬಿಡ್ತೀನಿ” ಎಂದರು. ನಾನು ಕಿಟಕಿಯಾಚೆ ನೋಡುತ್ತಾ ಹ್ಞೂಂ ಎಂದೆ. ಗದ್ದೆಗಳಲ್ಲಿ ನೀರು ನಿಂತಿತ್ತು. ಆಗಲೇ ಎಲ್ಲ ಮುಗಿದುಹೋಗಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ, ತಿದ್ದಿದಷ್ಟನ್ನಾದರೂ ಏರಿಸೋಣವೆಂದು ಹೋಗಿದ್ದ ಅವರು ಕಂಪ್ಯೂಟರ್ ಕೋಣೆಯಿಂದ ನೇರ ನನ್ನ ಹತ್ತಿರ ಬಂದರು. “ತೆಗೀತಾನೇ ಇಲ್ಲ ಅಣ್ಣ. ಅವಧಿ ಮುಗಿದಿದೆ ಅಂತ ತೋರಿಸ್ತಿದೆ.” ಕರೆಂಟಿನ ತೊಂದರೆ ಇರಬೇಕು ಎಂದೆ ನಾನು, ಬಾಯಿಗೆ ಬಂದದ್ದು. ಅವರು ಹೋದ ಮೇಲೆ ಪುಸ್ತಕ ತೆಗೆದು ಐವತ್ತಮೂರನೇ ಪುಟಕ್ಕೆ ಬೆರಳಿಟ್ಟು ಓದಿದೆ. ಎರಡನೇ ಹಾಳೆಯ ಕೆಳಗಡೆ, ಇಪ್ಪತ್ತೊಂದು ಎಂಬಲ್ಲಿ ಬೆರಳು ನಿಂತಿತು.

ನಾಲ್ಕು ದಿನದ ಮೇಲೆ ನೋಟಿಸ್ ಬೋರ್ಡಿನಲ್ಲಿ ಅಂಕಪಟ್ಟಿ ಬಿತ್ತು. ಅರ್ಥಶಾಸ್ತ್ರದ ನಲವತ್ತೊಂದು ಮಕ್ಕಳ ಹೆಸರಿನ ಮುಂದೆ ಏನೂ ಇಲ್ಲ. ತಲಕಾಡಿನ ಕಡೆಯಿಂದ ಬರುವ ಒಬ್ಬ ಹುಡುಗಿ ಬೋರ್ಡಿನ ಗಾಜಿಗೆ ಬೆರಳು ಒತ್ತಿ ನಿಂತಿದ್ದಳು.

“ಅಣ್ಣ, ನಮ್ದೆಲ್ಲಾ ಯಾಕೆ ಖಾಲಿ ಅದೆ? ಟೆಸ್ಟು ಬರ್ದಿದ್ದೀವಲ್ಲ?”

“ಬತ್ತದೆ ಕಣವ್ವ, ತಡಿ.”

“ಬರ್ಲಿಲ್ಲ ಅಂದ್ರೆ ಫೇಲಾ?”

ಗುಂಪು ಚೆದುರುವಂತೆ ಬೆಲ್ಲು ಹೊಡೆದುಬಿಟ್ಟೆ, ಐದು ನಿಮಿಷ ಮುಂಚೆ.

ಆಮೇಲೆ ಬಂದದ್ದು ಮೇಡಂ ಹೆಸರಿಗೆ ಕಾರಣ ಕೇಳಿ ನೋಟಿಸು. ಅದನ್ನು ಕೊಟ್ಟು ಸಹಿ ಪಡೆಯಬೇಕಾದವನೂ ನಾನೇ. ‘ಸದರಿ ಸುತ್ತೋಲೆಯನ್ನು ಓದಿ ಸಹಿ ಮಾಡಿದ್ದರೂ ಪಾಲಿಸದೆ ಕರ್ತವ್ಯಲೋಪ ಎಸಗಿದ್ದೀರಿ’ ಎಂದಿತ್ತು. ಪಕ್ಕದಲ್ಲಿ ಐವತ್ತಮೂರನೇ ಬಲಪುಟದ ಜೆರಾಕ್ಸ್. ಅವರ ಸಹಿ, ನನ್ನ ಕೈಬರಹದ ತಾರೀಖು. ಇಂಥ ಒಂದು ಮಾತು ಕಡತಕ್ಕೆ ಸೇರಿದರೆ ಮುಂದಿನ ಸೆಮಿಸ್ಟರಿಗೆ ಅತಿಥಿಯನ್ನು ಯಾವ ಕಾಲೇಜೂ ಕರೆಯುವುದಿಲ್ಲ. ನರಸೀಪುರವೂ ಇಲ್ಲ, ನಂಜನಗೂಡೂ ಇಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವತ್ತು ಸಂಜೆ ಬಸ್ಸಿನಲ್ಲಿ ಸುತ್ತೂರು ದಾಟುವವರೆಗೂ ಅವರು ನೋಟಿಸನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದರು. ಕಂಡಕ್ಟರ್ ಕೂಡ ಮುಖ ನೋಡಿ ಸುಮ್ಮನೆ ಟಿಕೆಟ್ ಕೊಟ್ಟು ಹೋದ.

“ನಾ ಏಳ್ತೀನಿ ಮೇಡಂ. ನಾನೇ ಮುಂದಾಗಿ ಸೈನ್ ಆಕುಸ್ಕಂಡಿದ್ದು ಅಂತ,” ಎಂದೆ.

“ಬೇಡ.”

“ಯಾಕೆ?”

“ನೋಡಿಲ್ಲ ಅಂದ್ರೆ, ನೋಡ್ದೆ ಖಾಲಿ ಪುಟಕ್ಕೆ ಯಾಕಮ್ಮ ಸೈನ್ ಹಾಕ್ದೆ ಅಂತ ಕೇಳ್ತಾರೆ. ಅದು ಇದಕ್ಕಿಂತ ದೊಡ್ಡ ತಪ್ಪು. ಮಕ್ಕಳಿಗೆ ಪಾಠ ಹೇಳೋಳು ನಾನು. ಹೆಂಗೆ ಉತ್ತರ ಕೊಡ್ಲಿ?”

ಮಾರನೆಯ ದಿನ ಅವರು ಬರೆದ ಉತ್ತರವನ್ನು ಮ್ಯಾನೇಜರ್ ಮೇಜಿಗೆ ಒಯ್ದವನು ನಾನೇ. ದಾರಿಯಲ್ಲಿ ಮೆಟ್ಟಿಲ ಮೇಲೆ ನಿಂತು ಓದಿದೆ. ‘ದಿನಾಂಕ ಬದಲಾದದ್ದು ನನ್ನ ಗಮನಕ್ಕೆ ಬಾರದೆ ಹೋಯಿತು, ಕ್ಷಮೆಯಿರಲಿ, ನನ್ನ ತಪ್ಪಿಗೆ ವಿದ್ಯಾರ್ಥಿಗಳನ್ನು ಶಿಕ್ಷಿಸಬಾರದೆಂದು ಕೋರುತ್ತೇನೆ.’ ನನ್ನ ಹೆಸರು ಎಲ್ಲೂ ಇಲ್ಲ. ಅಟೆಂಡರ್ ಎಂಬ ಶಬ್ದವೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಹೇಗೆ ತಡೆದುಕೊಳ್ಳುವುದೋ ಗೊತ್ತಾಗಲಿಲ್ಲ.

ಅದೇ ವಾರ ಮೈಸೂರಿನ ಕಚೇರಿಯಿಂದ ವಿಚಾರಣೆಗೆ ಅಧಿಕಾರಿಯೊಬ್ಬರು ಬರುತ್ತಾರೆ, ಸುತ್ತೋಲೆ ಪುಸ್ತಕ ಹಾಜರುಪಡಿಸಬೇಕು ಎಂದು ಕಾಗದ ಬಂತು. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಸರಿಸಿದರು. ಪುಸ್ತಕ ತೆರೆದರು. ಐವತ್ತಮೂರು ಮುಗಿದು ಐವತ್ತನಾಲ್ಕು: ಎಡಗಡೆ ಖಾಲಿ, ಬಲಗಡೆ ಮೇಡಂ ಸಹಿ. ಐವತ್ತೈದು, ಐವತ್ತಾರು, ಅರವತ್ತರವರೆಗೂ ಹಾಗೇ. ಇನ್ನೂ ಯಾರೂ ಬರೆಯದ ಸುತ್ತೋಲೆಗಳನ್ನು ಓದಿದ್ದೇನೆ ಎನ್ನುವ ಏಳು ಸಹಿಗಳು.

“ಇದನ್ನ ಬರೋ ಆಫೀಸರ್ರು ನೋಡಿದ್ರೆ ನಿನ್ನ ಗತಿ ಏನಯ್ಯ?” ಎಂದು ಮೇಜಿನ ಮೇಲೆ ಒಂದು ಬ್ಲೇಡು ಇಟ್ಟರು. “ಬುಡದಲ್ಲಿ ಕುಯ್ದ್ರೆ ಗೊತ್ತಾಗಲ್ಲ.”

“ಪುಟಕ್ಕೆಲ್ಲಾ ನಂಬರ್ ಆಕಿದ್ದೀನಿ ಸಾ.”

“ಯಾರು ಹಾಕು ಅಂದ್ರು ನಿಂಗೆ?”

“ನೀವೇ ಸಾ. ಹೋದ ವರ್ಸ. ಹಾಳೆ ಕಳೀಬಾರ್ದು ಅಂತ.”

ಅವರು ಹಣೆ ಒತ್ತಿಕೊಂಡರು. “ಏಳು ಹಾಳೆ ಒದ್ದೆಯಾಗಿ ಹೋದ್ವು ಅನ್ನೋಣ. ನೋಡಯ್ಯ, ಅವ್ರು ಗೆಸ್ಟು. ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ನಿಂದು ಪೆನ್ಶನ್ ಇರೋ ಕೆಲಸ. ಪ್ರಿನ್ಸಿಪಾಲ್ರಿಗೆ ಇನ್ನು ಒಂದು ವರ್ಷ ಸರ್ವಿಸ್ ಅದೆ. ಎಲ್ಲರ ಗಮನಕ್ಕೂ ತಂದಿದ್ದೀವಿ ಅಂತ ಎಷ್ಟು ವರದಿ ಕಳ್ಸಿದ್ದೀವಿ ಗೊತ್ತಾ? ಒಂದು ಸಹಿ ಸುಳ್ಳು ಅಂದ್ರೆ ಆ ವರದಿಗಳೆಲ್ಲಾ ಏನಾಗ್ತವೆ, ಹೇಳು?”

ಅವರು ಕೆಟ್ಟವರಲ್ಲ. ನನ್ನ ಮಗಳ ಮದುವೆಗೆ ಮೂರು ದಿನ ಮುಂಚೆಯೇ ಕಳಲೆಗೆ ಬಂದು ನಿಂತು ಕೆಲಸ ಮಾಡಿದವರು. ಬ್ಲೇಡನ್ನು ಕಾಗದದಲ್ಲಿ ಸುತ್ತಿ ನನ್ನ ಅಂಗಿ ಜೇಬಿಗೆ ಹಾಕಿದರು. ನಾನು ತೆಗೆದು ವಾಪಸು ಇಡಲಿಲ್ಲ. ಅದನ್ನೂ ಬರೆಯಬೇಕು.

ವಿಚಾರಣೆಯ ದಿನದವರೆಗೆ ಪುಸ್ತಕ ನನ್ನ ಬೀರುವಿನಲ್ಲಿತ್ತು, ಬ್ಲೇಡು ನನ್ನ ಜೇಬಿನಲ್ಲಿ. ದಿನಕ್ಕೆ ನಾಲ್ಕು ಸಲ ಬೀರು ತೆಗೆಯುತ್ತಿದ್ದೆ. ಮೇಡಂ ಎಂದಿನಂತೆ ಬಂದರು, ಎಂದಿನಂತೆ ಪಾಠ ಮಾಡಿದರು. ಕಾಯಂ ಉಪನ್ಯಾಸಕರು ಅವರು ಬಂದಾಗ ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಅಂಗಿ ಒಗೆಯಲು ತೆಗೆದಾಗ ಬ್ಲೇಡು ಬೆರಳಿಗೆ ತಾಗಿ ರಕ್ತ ಬಂತು. “ಇದ್ಯಾಕ್ರೀ ಜೇಬಲ್ಲಿ ಮಡೀಕಂಡು ತಿರುಗ್ತೀರಿ, ಕ್ಸೌರಿಕ ಆಗ್ಬುಟ್ರಾ?” ಎಂದಳು. ಹೇಳಿದೆ. ಪೂರ್ತಿ ಹೇಳಿದೆ. ಅವಳು ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡು ಕೇಳಿದಳು. “ಆಯಮ್ಮ ನಿಮ್ಮ ಎಸ್ರು ಬರೀಲಿಲ್ವಾ?” ಎಂದು ಒಂದೇ ಒಂದು ಮಾತು ಕೇಳಿ ಒಳಗೆ ಹೋದಳು.

ಅಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಮೆಲುಮಾತು. ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿನ್ಸಿಪಾಲರು, ಮ್ಯಾನೇಜರ್, ಮೇಡಂ. ನಾನು ಕಾಫಿ ತಟ್ಟೆ ಹಿಡಿದು ಹೋದೆ. ಕಂಕುಳಲ್ಲಿ ಪುಸ್ತಕ. ಲೋಟಗಳನ್ನು ಇಟ್ಟ ಮೇಲೆ ಅಧಿಕಾರಿ ಕೈ ಚಾಚಿದರು. ಮ್ಯಾನೇಜರ್ ನನ್ನ ಮುಖ ನೋಡಿದರು, ಆಗಿದೆಯಾ ಎನ್ನುವ ಹಾಗೆ.

ಐವತ್ತಮೂರನೇ ಪುಟ ತೆರೆದು ಕೊಡು ಎಂದರು ಅಧಿಕಾರಿ. ನಾನು ಐವತ್ತನಾಲ್ಕನ್ನು ತೆರೆದು ಅವರ ಮುಂದಿಟ್ಟೆ.

“ಇದು ಖಾಲಿ ಇದೆಯಲ್ಲ,” ಎಂದರು.

“ಎಡಗಡೆ ಖಾಲಿ ಮೇಡಂ. ಬಲಗಡೆ ನೋಡಿ.”

ಅವರು ನೋಡಿದರು. ಮುಂದಿನದನ್ನು ತಿರುಗಿಸಿದರು. ಅದರ ಮುಂದಿನದನ್ನು. ಅರವತ್ತಕ್ಕೆ ಬಂದು ನಿಲ್ಲಿಸಿ, ಐವತ್ತಮೂರಕ್ಕೆ ಹಿಂದಿರುಗಿ ಕನ್ನಡಕ ತೆಗೆದರು.

“ಈ ತಾರೀಖು ಯಾರ ಕೈಬರಹ?”

“ನಂದು. ಸೈನು ನಾನೇ ಮುಂದಾಗಿ ಆಕುಸ್ಕಂಡಿದ್ದು. ಬಂದಿದ್ದನ್ನ ಏಳ್ತೀನಿ ಅಂತ ಮಾತು ಕೊಟ್ಟಿದ್ದೆ. ಎಲ್ಲಾನೂ ಏಳ್ದೆ. ಇದೊಂದನ್ನ ಏಳ್ನಿಲ್ಲ. ಓದ್ನಿಲ್ಲ ನಾನು.”

ಮೇಡಂ ತಲೆ ತಗ್ಗಿಸಿ ಕೂತಿದ್ದರು. ಅಧಿಕಾರಿ ಅವರನ್ನು ಕೇಳಿದರು, ಬಸ್ಸಿನಲ್ಲಿ ಅವರೇ ಹೇಳಿದ್ದ ಪ್ರಶ್ನೆಯನ್ನೇ: “ಓದದೆ ಯಾಕಮ್ಮ ಸಹಿ ಹಾಕಿದಿರಿ?” ಮೇಡಂ ನನ್ನ ಕಡೆ ಒಂದು ಸಲ ನೋಡಿ, “ನಂಬಿಕೆ ಮೇಲೆ ಮೇಡಂ,” ಎಂದರು. ಆ ಮಾತನ್ನೂ ಅಧಿಕಾರಿ ಬರೆದುಕೊಂಡರು.

ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಪುಸ್ತಕವನ್ನು ಮೊದಲ ಪುಟದಿಂದ ತಿರುಗಿಸತೊಡಗಿದರು. ಕಾಯಂ ಉಪನ್ಯಾಸಕರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿದರು. ಯಾವುದೋ ಒಂದು ಪುಟಕ್ಕೆ ಬೆರಳಿಟ್ಟು, ಎಡಗಡೆಯನ್ನು ಕೈಯಿಂದ ಮುಚ್ಚಿ, “ಇದರಲ್ಲಿ ಏನಿತ್ತು ಹೇಳಿ?” ಎಂದು ಕೇಳಿದರು. ಒಬ್ಬರೂ ಹೇಳಲಿಲ್ಲ. ಹೊರಗೆ ಬರುವಾಗ ಪ್ರತಿಯೊಬ್ಬರೂ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿಕೊಂಡು ಹೋದರು. ಇಷ್ಟು ವರ್ಷ ‘ಬೇಗ ಸೈನ್ ಹಾಕಿ ಸಾ, ಹೊತ್ತಾಯ್ತು’ ಎಂದು ಅವರ ಮುಂದೆ ಪೆನ್ನು ಹಿಡಿದವನು ನಾನು. ಓದಲು ಒಬ್ಬರಿಗೂ ಪುರಸೊತ್ತು ಕೊಟ್ಟವನಲ್ಲ. ಒಂದು ಸಾಲೂ ಖಾಲಿಯಿಲ್ಲ ಎಂದು ಹೆಮ್ಮೆಪಟ್ಟಿದ್ದ ಪುಸ್ತಕ ಅದು. ಅಧಿಕಾರಿ ಅದನ್ನು ಬಟ್ಟೆಯಲ್ಲಿ ಕಟ್ಟಿಸಿ, ಮೊಹರು ಹಾಕಿಸಿ, ಕಾರಿನಲ್ಲಿಟ್ಟುಕೊಂಡು ಹೋದರು.

ಪೋರ್ಟಲನ್ನು ಮೂರು ದಿನ ತೆರೆದರು. ನಲವತ್ತೊಂದು ಮಕ್ಕಳ ಅಂಕ ಏರಿತು. ಬೋರ್ಡಿನ ಹತ್ತಿರ ಆ ತಲಕಾಡಿನ ಕಡೆಯ ಹುಡುಗಿ, “ಬಂತು ಕಣಣ್ಣ,” ಎಂದು ಕೂಗಿ ಹೇಳಿ ಓಡಿದಳು. ಮೇಡಂ ಮೇಲಿನ ನೋಟಿಸನ್ನು ‘ಸದ್ಯಕ್ಕೆ ಮುಂದುವರಿಸದೆ ಇಡಲಾಗಿದೆ’ ಎಂದು ಆದೇಶ ಬಂತು. ಸದ್ಯಕ್ಕೆ ಎಂದರೆ ಏನು ಎಂದು ಮ್ಯಾನೇಜರನ್ನು ಕೇಳಿದೆ. ಅವರು ಈಗ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. “ಇನ್ನೂ ಇದೆ ಅಂತ ಅರ್ಥ,” ಎಂದರು.

ಬಸ್ಸಿನಲ್ಲಿ ಮೇಡಂ ಒಂದೇ ಸಲ ಆ ವಿಷಯ ಎತ್ತಿದರು. “ನನ್ನ ಕೇಳಿದ್ದಿದ್ರೆ ಬೇಡ ಅಂತಿದ್ದೆ ಅಣ್ಣ.” “ಗೊತ್ತು ಮೇಡಂ,” ಎಂದೆ. ಮುಂದಿನ ಸೆಮಿಸ್ಟರಿನ ಅತಿಥಿಗಳ ಪಟ್ಟಿ ಇನ್ನೂ ಬಂದಿಲ್ಲ. ದಿನವೂ ಟಪಾಲಿನಲ್ಲಿ ಮೊದಲು ಅದನ್ನೇ ಹುಡುಕುತ್ತೇನೆ.

ಹೋದ ಸೋಮವಾರ ಟಪಾಲಿನಲ್ಲಿ ಒಂದು ಉದ್ದ ಲಕೋಟೆ ಇತ್ತು. ಮೇಲೆ ನನ್ನ ಹೆಸರು. ಸರ್ಕಾರದ ಲಕೋಟೆಯ ಮೇಲೆ ನನ್ನ ಹೆಸರನ್ನು ಟೈಪು ಮಾಡಿದ್ದನ್ನು ನೋಡಿದ್ದು ಅದೇ ಮೊದಲು. ಕಾಯಂ ಆದಾಗಲೂ ಪಟ್ಟಿಯಲ್ಲಿ ಹೆಸರು ಬಂದಿತ್ತು ಅಷ್ಟೆ. ಮ್ಯಾನೇಜರ್ ಒಡೆದು ನೋಡಿ, ಕಚೇರಿ ಪ್ರತಿಯನ್ನು ನನ್ನ ಮುಂದೆ ತಳ್ಳಿ, ಪೆನ್ನು ಕೊಟ್ಟರು.

“ಮುಟ್ಟಿದೆ ಅಂತ ಸೈನ್ ಹಾಕು. ನಾನು ಇವತ್ತೇ ವಾಪಸ್ ಕಳಿಸ್ಬೇಕು.”

ಮೂರು ಪುಟ ಇತ್ತು. ನಾನು ಸ್ಟೂಲು ಎಳೆದುಕೊಂಡು ಕಿಟಕಿಯ ಬೆಳಕಿಗೆ ಕೂತೆ. ‘ಕಾರಣ ಕೇಳಿ ನೋಟಿಸು’ ಎಂಬ ಮೊದಲ ಸಾಲಿಗೆ ಬೆರಳಿಟ್ಟೆ.

“ಏನಯ್ಯ, ಹಾಕಯ್ಯ. ಹೊತ್ತಾಯ್ತು,” ಎಂದರು ಮ್ಯಾನೇಜರ್.

“ತಡೀರಿ ಸಾ. ಓದ್ತಾ ಇವ್ನಿ.”

ಅವರು ಗಡಿಯಾರ ನೋಡಿದರು. ಹೊರಗೆ ಮಕ್ಕಳು ಮೂರನೇ ಪೀರಿಯಡ್ಡಿನ ಬೆಲ್ಲಿಗೆ ಕಾಯುತ್ತಿದ್ದರು. ನಾನು ಮೊದಲ ಪುಟದ ನಡುವಿಗೂ ಬಂದಿರಲಿಲ್ಲ.